ಡಾಕ್ಯುಮೆಂಟ್ ಸ್ಕೀಮಾಗೆ ಆಬ್ಜೆಕ್ಟ್ ಓರಿಯೆಂಟೆಡ್ ಗುಣಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಎಕ್ಸ್‌ಎಂಎಲ್‌ನಂಥ ಮಾರ್ಕಪ್ ಭಾಷೆಯಲ್ಲಿ (ಪಠ್ಯದ ಭಾಗಗಳಿಗೆ ಹೆಸರಿನ ಗುರುತು ಹಾಕುವ ಭಾಷೆಯಲ್ಲಿ) ಬರೆದ ಡಾಕ್ಯುಮೆಂಟ್‌ನಲ್ಲಿ ಯಾವ ಭಾಗ ಎಲ್ಲಿ ಬರಬಹುದು ಅನ್ನುವ ನಿಯಮಗಳ ಪಟ್ಟಿಯೇ ಸ್ಕೀಮಾ. ಹಾಗೆ ಗುರುತು ಹಾಕಿದ ಒಂದೊಂದು ಭಾಗವೂ ಒಂದು ಎಲಿಮೆಂಟ್. ಪ್ರೋಗ್ರಾಮಿಂಗ್ ಕಡೆಯಿಂದ ಸ್ಕೀಮಾ ಬರೆಯಲು ಬಂದವರು ಮೊದಲ ವಾರದಲ್ಲೇ ಒಂದು ಪ್ರಶ್ನೆ ಕೇಳುತ್ತಾರೆ: "ಕ್ಲಾಸ್‌ಗೆ ಸಬ್‌ಕ್ಲಾಸ್ ಇರುವ ಹಾಗೆ ಎಲಿಮೆಂಟ್‌ಗೂ ಇರಬಾರದೇ?" ಇರಬಹುದು, ಇದೆ ಕೂಡ. ಆದರೆ ಅದು ಜಾವಾದಂಥ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಡೆದುಕೊಳ್ಳುವ ಹಾಗೆ ಇಲ್ಲಿ ನಡೆದುಕೊಳ್ಳುವುದಿಲ್ಲ. ಎಲ್ಲಿ ಬೇರೆ, ಯಾಕೆ ಬೇರೆ ಅನ್ನುವುದೇ ಈ ಪುಟದ ವಿಷಯ.

ಉದಾಹರಣೆಗೆ ಒಂದು ಯಂತ್ರದ ಬಳಕೆ ಕೈಪಿಡಿಯನ್ನು ಇಟ್ಟುಕೊಳ್ಳೋಣ. ಅದರಲ್ಲಿ ಅಧ್ಯಾಯ, ಪ್ಯಾರಾ, ಟಿಪ್ಪಣಿ ಅನ್ನುವ ಎಲಿಮೆಂಟ್‌ಗಳಿವೆ. ಟಿಪ್ಪಣಿಯೊಳಗೆ ಮೊದಲು ಒಂದು ತಲೆಬರಹ, ಆಮೇಲೆ ಒಂದೋ ಹಲವೋ ಪ್ಯಾರಾ. ಈಗ ಯಾರಿಗೋ 'ಎಚ್ಚರಿಕೆ' ಅನ್ನುವ ಹೊಸ ಎಲಿಮೆಂಟ್ ಬೇಕು:

<ಎಚ್ಚರಿಕೆ>
  <ತಲೆಬರಹ>ಮುಚ್ಚಳ ತೆಗೆಯುವ ಮೊದಲು</ತಲೆಬರಹ>
  <ಮಟ್ಟ>ಜೀವಾಪಾಯ</ಮಟ್ಟ>
  <ಪ್ಯಾರಾ>ವಿದ್ಯುತ್ ಸಂಪರ್ಕವನ್ನು ಪೂರ್ತಿ ತೆಗೆಯಿರಿ.</ಪ್ಯಾರಾ>
</ಎಚ್ಚರಿಕೆ>

ಎಚ್ಚರಿಕೆ ಅಂದರೆ ಒಂದು ಬಗೆಯ ಟಿಪ್ಪಣಿಯೇ. ಅದನ್ನು ಸ್ಕೀಮಾಗೆ ತಿಳಿಸುವುದು ಹೇಗೆ? ಎಲ್ಲ ಪ್ರಶ್ನೆಗಳೂ ಇಲ್ಲಿಂದಲೇ ಹುಟ್ಟುತ್ತವೆ.

'ಆಬ್ಜೆಕ್ಟ್ ಓರಿಯೆಂಟೆಡ್ ಗುಣ' ಅಂದರೆ ಇಲ್ಲಿ ಏನೇನು?

ಎಲಿಮೆಂಟ್‌ನೊಳಗೆ ಏನೇನು, ಯಾವ ಕ್ರಮದಲ್ಲಿ ಇರಬಹುದು ಅನ್ನುವ ವಿವರಣೆಗೆ ಟೈಪ್ ಅನ್ನುತ್ತಾರೆ. ಗುಣಗಳು ಮುಖ್ಯವಾಗಿ ಮೂರು. ಒಂದು ಟೈಪಿನಿಂದ ಇನ್ನೊಂದು ಟೈಪನ್ನು ಪಡೆಯುವುದು, ಅಂದರೆ ಇನ್ಹೆರಿಟೆನ್ಸ್. ಮೂಲ ಟೈಪ್ ಬರಬೇಕಾದ ಜಾಗದಲ್ಲಿ ಅದರಿಂದ ಹುಟ್ಟಿದ ಟೈಪನ್ನು ಇಡುವುದು, ಅಂದರೆ ಪಾಲಿಮಾರ್ಫಿಸಂ. ನೇರವಾಗಿ ಬಳಸಲು ಬಾರದ, ಮಕ್ಕಳಿಗೆ ತಾಯಿಯಾಗಿ ಮಾತ್ರ ಇರುವ ಟೈಪ್‌ಗಳು, ಅಂದರೆ ಆಬ್‌ಸ್ಟ್ರಾಕ್ಟ್ ಟೈಪ್‌ಗಳು.

ಇವುಗಳಲ್ಲಿ ಎರಡನೆಯದೇ ನಿಜವಾದ ಸಂಪತ್ತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇನ್ಹೆರಿಟೆನ್ಸ್ ನಿಮಗೆ ಮತ್ತೆ ಮತ್ತೆ ಬರೆಯುವ ಶ್ರಮವನ್ನು ಉಳಿಸುತ್ತದೆ, ಅಷ್ಟೇ. ಒಂದು ವರ್ಷದ ಹಿಂದೆ ಬರೆದ ಪ್ರೋಗ್ರಾಂ ಇವತ್ತು ಹುಟ್ಟಿದ 'ಎಚ್ಚರಿಕೆ'ಯನ್ನು ಕಂಡಾಗ ಕೈಚೆಲ್ಲದೆ, "ಇದೊಂದು ಟಿಪ್ಪಣಿ" ಅಂತ ಗುರುತಿಸಿ ಅಚ್ಚುಮಾಡಿದರೆ ಅದು ಬೇರೆಯೇ ಮಟ್ಟದ ಲಾಭ. ಕಂಪ್ಯೂಟರ್ ವಿಜ್ಞಾನಿ ಬಾರ್ಬರಾ ಲಿಸ್ಕೋವ್ 1987ರಲ್ಲಿ ಪ್ರೋಗ್ರಾಂಗಳ ಬಗ್ಗೆ ಇದನ್ನೇ ಹೇಳಿದರು: ಮೂಲದ ಜಾಗದಲ್ಲಿ ಮಗುವನ್ನು ಇಟ್ಟರೂ ಪ್ರೋಗ್ರಾಂ ಕೆಡಬಾರದು. ಡಾಕ್ಯುಮೆಂಟ್‌ಗಳಿಗೆ ಈ ಮಾತು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಪ್ರೋಗ್ರಾಂಗಿಂತ ಡಾಕ್ಯುಮೆಂಟ್‌ಗೆ ಆಯುಸ್ಸು ಹೆಚ್ಚು, ಅಲ್ವಾ?

ಹಳೆಯ ಡಿಟಿಡಿಯಲ್ಲಿ ಇದನ್ನು ಮಾಡಲು ಆಗುತ್ತಿರಲಿಲ್ಲವೇ?

ಡಿಟಿಡಿ ಅಂದರೆ ಸ್ಕೀಮಾ ಬರೆಯುವ ಹಳೆಯ ವಿಧಾನ. ಅದರಲ್ಲೂ ಮಾಡುತ್ತಿದ್ದರು, ಆದರೆ ಪಠ್ಯವನ್ನು ಕತ್ತರಿಸಿ ಅಂಟಿಸುವ ದಾರಿಯಲ್ಲಿ. ಡಿಟಿಡಿಗೆ ಟೈಪ್ ಅನ್ನುವ ಕಲ್ಪನೆಯೇ ಇಲ್ಲ. ಎಲಿಮೆಂಟ್‌ನ ಹೆಸರೇ ಅದರ ಟೈಪ್. ಅದರಲ್ಲಿ ಇರುವುದು ಪ್ಯಾರಾಮೀಟರ್ ಎಂಟಿಟಿ. ಅದು ಒಂದು ತುಂಡು ಪಠ್ಯಕ್ಕೆ ಇಟ್ಟ ಹೆಸರು.

ಇದರಲ್ಲೊಂದು ಜಾಣ ಉಪಾಯವಿತ್ತು. ಒಂದೇ ಎಂಟಿಟಿಯನ್ನು ಎರಡು ಸಲ ಘೋಷಿಸಿದರೆ ಮೊದಲನೆಯದಕ್ಕೇ ಬೆಲೆ. ಹಾಗಾಗಿ ನಿಮ್ಮ ಘೋಷಣೆಯನ್ನು ಮೂಲ ಡಿಟಿಡಿಗಿಂತ ಮುಂಚೆ ಓದಿಸಿದರೆ ನಿಮ್ಮದೇ ಗೆಲ್ಲುತ್ತದೆ. ಪ್ಯಾರಾ ಮಟ್ಟದ ಎಲಿಮೆಂಟ್‌ಗಳ ಪಟ್ಟಿಗೆ 'ಎಚ್ಚರಿಕೆ'ಯನ್ನು ಹೀಗೆ ಸೇರಿಸಬಹುದು. 2001ರಲ್ಲಿ ಬಂದ, ವೆಬ್ ಪುಟಗಳ ಭಾಷೆಯನ್ನು ಬಿಡಿ ತುಂಡುಗಳಾಗಿ ಮಾಡಿದ ಎಕ್ಸ್‌ಎಚ್‌ಟಿಎಂಎಲ್ ಮಾಡ್ಯುಲರೈಸೇಷನ್ ಇದೇ ತಂತ್ರದ ಮೇಲೆ ನಿಂತಿತ್ತು.

ಕೊರತೆ ಎಲ್ಲಿದೆ ಅಂದರೆ, ಎಚ್ಚರಿಕೆಗೂ ಟಿಪ್ಪಣಿಗೂ ಸಂಬಂಧ ಇದೆ ಅನ್ನುವುದು ಬರೆದವರ ತಲೆಯಲ್ಲಿ ಮಾತ್ರ ಉಳಿಯುತ್ತದೆ. ಪಾರ್ಸರ್ (ಡಾಕ್ಯುಮೆಂಟನ್ನು ಓದುವ ಪ್ರೋಗ್ರಾಂ) ಎಂಟಿಟಿಯನ್ನು ಬಿಡಿಸಿ ಹಾಕಿದ ಮೇಲೆ ಆ ಸಂಬಂಧದ ಗುರುತೇ ಇರುವುದಿಲ್ಲ. ಮುಂದಿನ ಪ್ರೋಗ್ರಾಂಗೆ ಅದು ತಲುಪುವುದೇ ಇಲ್ಲ.

ಹಾಗಾದರೆ ಈ ಯೋಚನೆ ಎಲ್ಲಿಂದ ಬಂತು?

ಎರಡು ಬೇರೆ ಬೇರೆ ದಿಕ್ಕಿನಿಂದ.

ಮೊದಲನೆಯದು ಎಕ್ಸ್‌ಎಂಎಲ್‌ಗಿಂತ ಮುಂಚಿನ ಮಾರ್ಕಪ್ ಭಾಷೆಯಾದ ಎಸ್‌ಜಿಎಂಎಲ್ ಕಾಲದ್ದು. 1992ರ ಹೈಟೈಮ್ ಮಾನದಂಡ ಆರ್ಕಿಟೆಕ್ಚರಲ್ ಫಾರ್ಮ್ ಅನ್ನುವ ವಿಧಾನವನ್ನು ತಂದಿತು. ನಿಮ್ಮ ಎಲಿಮೆಂಟ್‌ಗೆ ಏನು ಬೇಕಾದರೂ ಹೆಸರಿಡಿ, ಅದು ಯಾವ ಸಾಮಾನ್ಯ ರೂಪಕ್ಕೆ ಸೇರಿದ್ದು ಅಂತ ಒಂದು ಆಟ್ರಿಬ್ಯೂಟ್‌ನಲ್ಲಿ (ಎಲಿಮೆಂಟ್‌ನ ಗುರುತಿನ ಮೇಲೆ ಬರೆಯುವ ಹೆಸರು-ಮೌಲ್ಯದ ಜೋಡಿಯಲ್ಲಿ) ಹೇಳಿ. ಪ್ರೋಗ್ರಾಂ ಹೆಸರನ್ನು ಬಿಟ್ಟು ಆ ಆಟ್ರಿಬ್ಯೂಟನ್ನು ನೋಡಿ ಕೆಲಸ ಮಾಡುತ್ತದೆ. ಒಂದೇ ಎಲಿಮೆಂಟ್ ಎರಡು ಮೂರು ಆರ್ಕಿಟೆಕ್ಚರ್‌ಗಳಿಗೆ ಒಟ್ಟಿಗೆ ಸೇರಬಹುದಿತ್ತು. ಬಹಳ ಸೊಗಸಾದ ಯೋಚನೆ. ಇದು ಬರಬೇಕಾದಷ್ಟು ಬಳಕೆಗೆ ಬರಲಿಲ್ಲ ಅನ್ನುವ ಬೇಸರ ನನಗೆ ಈಗಲೂ ಇದೆ.

ಎರಡನೆಯದು ವ್ಯಾಪಾರದ ಡೇಟಾ ಕಡೆಯದು. ಎಕ್ಸ್‌ಎಂಎಲ್ 1.0 ಬಂದದ್ದು 1998ರ ಫೆಬ್ರವರಿಯಲ್ಲಿ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಗೆ ಸಾಕ್ಸ್ ಅನ್ನುವ ಪ್ರಸ್ತಾವ ಸಲ್ಲಿಕೆಯಾಯಿತು. 'ಆಬ್ಜೆಕ್ಟ್ ಓರಿಯೆಂಟೆಡ್ ಎಕ್ಸ್‌ಎಂಎಲ್‌ಗೆ ಸ್ಕೀಮಾ' ಅನ್ನುವುದೇ ಅದರ ಹೆಸರಿನ ಅರ್ಥ. ಡೇಟಾಟೈಪ್, ಇನ್ಹೆರಿಟೆನ್ಸ್, ಪಾಲಿಮಾರ್ಫಿಸಂ ಎಲ್ಲ ಅದರಲ್ಲಿದ್ದವು. ಎಕ್ಸ್‌ಎಂಎಲ್ ಡೇಟಾ, ಡಿಸಿಡಿ, ಡಿಡಿಎಂಎಲ್ ಅನ್ನುವ ಪ್ರಸ್ತಾವಗಳೂ ಆ ಹೊತ್ತಿನವೇ. ಇವೆಲ್ಲವನ್ನೂ ಮುಂದಿಟ್ಟುಕೊಂಡು ಡಬ್ಲ್ಯು3ಸಿ 2001ರ ಮೇ 2ರಂದು ಎಕ್ಸ್‌ಎಂಎಲ್ ಸ್ಕೀಮಾ 1.0 ಅನ್ನು ಪ್ರಕಟಿಸಿತು. ಜನ ಎಕ್ಸ್‌ಎಸ್‌ಡಿ ಅನ್ನುವುದು ಇದನ್ನೇ. 1.1 ಆವೃತ್ತಿ ಬಂದದ್ದು 2012ರ ಏಪ್ರಿಲ್‌ನಲ್ಲಿ.

ಈ ಎರಡು ದಿಕ್ಕುಗಳನ್ನು ನೆನಪಿಟ್ಟುಕೊಳ್ಳಿ. ಮುಂದಿನ ತೊಡಕುಗಳಲ್ಲಿ ಅರ್ಧದಷ್ಟಕ್ಕೆ ಕಾರಣ ಒಂದೇ. ಡೇಟಾ ರೆಕಾರ್ಡ್‌ಗೆ ಹೊಲಿದ ಅಂಗಿಯನ್ನು ಡಾಕ್ಯುಮೆಂಟ್‌ಗೆ ತೊಡಿಸುತ್ತಿದ್ದೇವೆ.

ಎಕ್ಸ್‌ಎಸ್‌ಡಿಯ ಎಕ್ಸ್‌ಟೆನ್ಷನ್ ಅಂದರೆ ಸಬ್‌ಕ್ಲಾಸ್ ತಾನೇ?

ನೋಡಲು ಹಾಗೇ ಇದೆ. ಆದರೆ ಸ್ವಲ್ಪ ನಿಧಾನವಾಗಿ ನೋಡಬೇಕು.

ಎಕ್ಸ್‌ಎಸ್‌ಡಿಯಲ್ಲಿ ಒಂದು ಟೈಪಿನಿಂದ ಇನ್ನೊಂದನ್ನು ಪಡೆಯಲು ಎರಡು ದಾರಿ: ಎಕ್ಸ್‌ಟೆನ್ಷನ್ ಮತ್ತು ರಿಸ್ಟ್ರಿಕ್ಷನ್. ಎಕ್ಸ್‌ಟೆನ್ಷನ್ ಅಂದರೆ ಮೂಲದಲ್ಲಿ ಇರುವುದನ್ನೆಲ್ಲ ಇಟ್ಟುಕೊಂಡು ಹೊಸತನ್ನು ಸೇರಿಸುವುದು. ಹೊಸ ಎಲಿಮೆಂಟ್‌ಗಳು ಮೂಲದ ಕೊನೆಯಲ್ಲಿ ಮಾತ್ರ ಸೇರುತ್ತವೆ.

ಜಾವಾದ ಕ್ಲಾಸ್‌ನಲ್ಲಿ ಫೀಲ್ಡ್‌ಗಳ ಕ್ರಮಕ್ಕೆ ಅರ್ಥವಿಲ್ಲ. ಹೆಸರು ಮೊದಲಿರಲಿ, ವಯಸ್ಸು ಮೊದಲಿರಲಿ, ಆಬ್ಜೆಕ್ಟ್ ಒಂದೇ. ಡಾಕ್ಯುಮೆಂಟ್‌ನಲ್ಲಿ ಕ್ರಮವೇ ಅರ್ಥ. ನಮ್ಮ ಉದಾಹರಣೆಯಲ್ಲಿ 'ಮಟ್ಟ' ಬರಬೇಕಾದದ್ದು ತಲೆಬರಹ ಆದ ಮೇಲೆ, ಪ್ಯಾರಾಗಳಿಗಿಂತ ಮುಂಚೆ. "ಜೀವಾಪಾಯ" ಅನ್ನುವ ಮಾತನ್ನು ಓದುವವರು ಮೊದಲೇ ನೋಡಬೇಕಲ್ಲ! ಎಕ್ಸ್‌ಟೆನ್ಷನ್‌ನಲ್ಲಿ ಅದನ್ನು ನಡುವೆ ಇಡಲು ಆಗುವುದೇ ಇಲ್ಲ. ಎಲ್ಲ ಪ್ಯಾರಾಗಳೂ ಮುಗಿದ ಮೇಲೆ ಕೊನೆಯಲ್ಲಿ ಬಂದು ಕೂರುತ್ತದೆ.

ಇದಕ್ಕೆ ಜನ ಹುಡುಕಿಕೊಳ್ಳುವ ದಾರಿಗಳು ಕೆಲವಿವೆ. ಮಟ್ಟವನ್ನು ಆಟ್ರಿಬ್ಯೂಟ್ ಮಾಡಿಬಿಡುವುದು ಒಂದು. ಆಟ್ರಿಬ್ಯೂಟ್‌ಗಳಿಗೆ ಕ್ರಮವಿಲ್ಲ, ಹಾಗಾಗಿ ಅಲ್ಲಿ ಇನ್ಹೆರಿಟೆನ್ಸ್ ತಕರಾರಿಲ್ಲದೆ ನಡೆಯುತ್ತದೆ. ಚಿಕ್ಕ, ಒಳರಚನೆ ಇಲ್ಲದ ಮಾಹಿತಿಗೆ ಇದೇ ಒಳ್ಳೆಯ ಉತ್ತರ. ಇನ್ನೊಂದು, ಮೂಲ ಟೈಪ್ ಬರೆಯುವಾಗಲೇ ತಲೆಬರಹದ ನಂತರ 'ಹೆಚ್ಚುವರಿ ಮಾಹಿತಿ' ಅನ್ನುವ ಖಾಲಿ ಡಬ್ಬಿಯನ್ನು ಇಟ್ಟು, ಮುಂದೆ ಬರುವವರು ಅದರೊಳಗೆ ತುಂಬಲಿ ಅಂತ ಬಿಡುವುದು. ಎಕ್ಸ್‌ಎಸ್‌ಡಿ 1.1ರಲ್ಲಿ ಮೂರನೆಯ ದಾರಿಯೂ ಇದೆ: ಓಪನ್ ಕಂಟೆಂಟ್. ಇದರಿಂದ ಹೊರಗಿನ ಎಲಿಮೆಂಟ್‌ಗಳು ಮೂಲದ ಎಲಿಮೆಂಟ್‌ಗಳ ನಡುವೆ ಎಲ್ಲಿ ಬೇಕಾದರೂ ಬರಬಹುದು ಅಂತ ಹೇಳಬಹುದು.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ಆಳವಾದದ್ದು. ಪ್ರೋಗ್ರಾಂನಲ್ಲಿ ಸಬ್‌ಕ್ಲಾಸ್‌ನ ಪ್ರತಿ ಆಬ್ಜೆಕ್ಟ್ ಮೂಲ ಕ್ಲಾಸ್‌ನದೂ ಹೌದು. ಎಕ್ಸ್‌ಟೆನ್ಷನ್‌ನಿಂದ ಬಂದ 'ಎಚ್ಚರಿಕೆ'ಯ ಒಳಗಿರುವುದನ್ನು ಮೂಲ 'ಟಿಪ್ಪಣಿ'ಯ ನಿಯಮದಿಂದ ಪರೀಕ್ಷಿಸಿ. ತಪ್ಪು ಅನ್ನುತ್ತದೆ! ಕೊನೆಯಲ್ಲಿ ಅದಕ್ಕೆ ಗೊತ್ತಿಲ್ಲದ ಎಲಿಮೆಂಟ್ ಇದೆ. ಅಂದರೆ ಹೊಸ ಸ್ಕೀಮಾ ಕೈಯಲ್ಲಿಲ್ಲದ ಹಳೆಯ ವ್ಯಾಲಿಡೇಟರ್ (ಡಾಕ್ಯುಮೆಂಟ್ ನಿಯಮಕ್ಕೆ ಸರಿಯಿದೆಯೇ ಅಂತ ಪರೀಕ್ಷಿಸುವ ಪ್ರೋಗ್ರಾಂ) ಈ ಡಾಕ್ಯುಮೆಂಟನ್ನು ಒಪ್ಪುವುದಿಲ್ಲ. ಹೆಸರಿನಲ್ಲಿ ಇನ್ಹೆರಿಟೆನ್ಸ್ ಇದೆ, ಹಳೆಯ ಪ್ರೋಗ್ರಾಂಗೆ ಕೊಡಬೇಕಾದ ಭರವಸೆ ಇಲ್ಲ.

ಹಾಗಾದರೆ ಭರವಸೆ ಕೊಡುವುದು ಯಾವುದು? ರಿಸ್ಟ್ರಿಕ್ಷನ್ನೇ?

ಹೌದು. ರಿಸ್ಟ್ರಿಕ್ಷನ್‌ನಿಂದ ಪಡೆದ ಟೈಪಿಗೆ ಸರಿಹೊಂದುವ ಪ್ರತಿಯೊಂದೂ ಮೂಲ ಟೈಪಿಗೂ ಸರಿಹೊಂದಲೇಬೇಕು. ಟೈಪ್ ಅಂದರೆ 'ಒಪ್ಪಿಗೆಯಾಗುವ ಡಾಕ್ಯುಮೆಂಟ್‌ಗಳ ಗುಂಪು' ಅಂತ ಯೋಚಿಸಿದರೆ, ರಿಸ್ಟ್ರಿಕ್ಷನ್ ಅಂದರೆ ಆ ಗುಂಪಿನೊಳಗಿನ ಚಿಕ್ಕ ಗುಂಪು. ಬೇಕಿದ್ದರೆ ಇರಲಿ ಅಂದದ್ದನ್ನು ಕಡ್ಡಾಯ ಮಾಡಬಹುದು ಅಥವಾ ತೆಗೆದುಹಾಕಬಹುದು. ಎಷ್ಟಾದರೂ ಇರಲಿ ಅಂದದ್ದನ್ನು ಮೂರಕ್ಕೆ ಇಳಿಸಬಹುದು. ಕಡ್ಡಾಯವಾದದ್ದನ್ನು ಬಿಡುವ ಹಾಗಿಲ್ಲ.

ಬೆಲೆಯೂ ಇದೆ. ರಿಸ್ಟ್ರಿಕ್ಷನ್ ಬರೆಯುವಾಗ ಉಳಿಸಿಕೊಳ್ಳುವ ಎಲಿಮೆಂಟ್‌ಗಳ ಪೂರ್ತಿ ಪಟ್ಟಿಯನ್ನು ಮತ್ತೆ ಬರೆಯಬೇಕು. ಆಟ್ರಿಬ್ಯೂಟ್‌ಗಳು ಮಾತ್ರ ತಾವಾಗಿಯೇ ಬರುತ್ತವೆ. ನಾಳೆ ಮೂಲ ಬದಲಾದರೆ ನಿಮ್ಮ ಪ್ರತಿಯನ್ನೂ ನೀವೇ ತಿದ್ದಬೇಕು. ಮರುಬಳಕೆಯ ಸುಖ ಇಲ್ಲಿಲ್ಲ. 1.0 ಆವೃತ್ತಿಯಲ್ಲಿ ಯಾವುದು ಸರಿಯಾದ ರಿಸ್ಟ್ರಿಕ್ಷನ್ ಅಂತ ನಿರ್ಧರಿಸುವ ನಿಯಮಗಳೂ ತುಂಬಾ ಗೋಜಲು. ಅರ್ಥದಲ್ಲಿ ಸರಿಯಿದ್ದರೂ ಬರೆದ ರೂಪ ಬೇರೆ ಅಂತ ತಳ್ಳಿಹಾಕುತ್ತಿತ್ತು. 1.1ರಲ್ಲಿ ಇದನ್ನು ಸರಿಮಾಡಿದರು. ಮಗುವಿಗೆ ಒಪ್ಪಿಗೆಯಾದದ್ದೆಲ್ಲ ಮೂಲಕ್ಕೂ ಒಪ್ಪಿಗೆಯೇ ಅನ್ನುವುದೇ ಈಗ ನಿಯಮದ ತಿರುಳು.

1.1ರಲ್ಲಿ ಅಸರ್ಟ್ ಕೂಡ ಬಂತು. "ಮಟ್ಟ ಜೀವಾಪಾಯ ಆಗಿದ್ದರೆ ಕನಿಷ್ಠ ಎರಡು ಪ್ಯಾರಾ ಇರಲೇಬೇಕು" ಅನ್ನುವಂಥ ಷರತ್ತನ್ನು ಎಕ್ಸ್‌ಪಾತ್‌ನಲ್ಲಿ, ಅಂದರೆ ಡಾಕ್ಯುಮೆಂಟ್‌ನ ಭಾಗಗಳನ್ನು ಸೂಚಿಸುವ ಭಾಷೆಯಲ್ಲಿ, ಬರೆಯಬಹುದು. ಮೂಲದ ಷರತ್ತುಗಳು ಮಗುವಿಗೂ ಅನ್ವಯಿಸುತ್ತವೆ, ಮಗು ತನ್ನವನ್ನು ಸೇರಿಸಬಹುದು, ಮೂಲದ್ದನ್ನು ತೆಗೆಯಲು ಆಗದು. ಇಡೀ ಭಾಷೆಯಲ್ಲಿ ಆಬ್ಜೆಕ್ಟ್ ಓರಿಯೆಂಟೆಡ್ ಚಿಂತನೆ ಅತ್ಯಂತ ಶುದ್ಧವಾಗಿ ಕಾಣುವುದು ಇಲ್ಲೇ.

ಎಕ್ಸ್‌ಟೆನ್ಷನ್ ಬರೆದಾಗ 'ಯೂನಿಕ್ ಪಾರ್ಟಿಕಲ್ ಆಟ್ರಿಬ್ಯೂಷನ್' ಅನ್ನುವ ಎರರ್ ಬರುತ್ತದೆ. ನನ್ನ ತಪ್ಪೇನು?

ಮೂಲದ ಕೊನೆಯಲ್ಲಿ "ಒಂದೋ ಹಲವೋ ಪ್ಯಾರಾ" ಇದೆ. ನೀವು ಕೊನೆಯಲ್ಲಿ ಇನ್ನೊಂದು ಪ್ಯಾರಾವನ್ನು ಸೇರಿಸಿದ್ದೀರಿ. ಈಗ ವ್ಯಾಲಿಡೇಟರ್‌ಗೆ ಎರಡನೆಯ ಪ್ಯಾರಾ ಸಿಕ್ಕಿತು ಅನ್ನಿ. ಅದು ಮೂಲದ್ದೋ, ನೀವು ಸೇರಿಸಿದ್ದೋ? ಮುಂದೆ ನೋಡದೆ ಹೇಳಲು ಆಗುವುದಿಲ್ಲ. ಎಕ್ಸ್‌ಎಸ್‌ಡಿ ಇಂಥ ಗೊಂದಲಕ್ಕೆ ಅವಕಾಶ ಕೊಡುವುದಿಲ್ಲ. ಈ ಕಟ್ಟುಪಾಡು ಎಸ್‌ಜಿಎಂಎಲ್ ಕಾಲದಿಂದ ಬಂದದ್ದು.

ಪರಿಹಾರ: ಸೇರಿಸುವ ಎಲಿಮೆಂಟ್‌ಗೆ ಬೇರೆ ಹೆಸರಿಡಿ, ಅಥವಾ ಅದನ್ನು ಒಂದು ಹೊದಿಕೆ ಎಲಿಮೆಂಟ್‌ನೊಳಗೆ ಇಡಿ. ಮೂಲದ ಕೊನೆಯಲ್ಲಿ "ಏನು ಬೇಕಾದರೂ ಬರಲಿ" ಅನ್ನುವ ವೈಲ್ಡ್‌ಕಾರ್ಡ್ ಇದ್ದರೆ 1.0ರಲ್ಲಿ ಇದೇ ಕಾಟ. 1.1ರಲ್ಲಿ ಹೆಸರಿಟ್ಟ ಎಲಿಮೆಂಟ್‌ಗೆ ವೈಲ್ಡ್‌ಕಾರ್ಡ್‌ಗಿಂತ ಮೊದಲ ಹಕ್ಕು ಕೊಟ್ಟಿದ್ದಾರೆ, ಅಷ್ಟರ ಮಟ್ಟಿಗೆ ನೆಮ್ಮದಿ.

ಎಕ್ಸ್‌ಎಸ್‌ಐ ಟೈಪ್ ಬಳಸಲೋ, ಸಬ್‌ಸ್ಟಿಟ್ಯೂಷನ್ ಗ್ರೂಪ್ ಬಳಸಲೋ?

ಎರಡೂ ಪಾಲಿಮಾರ್ಫಿಸಂ ಕೊಡುತ್ತವೆ. ಎಕ್ಸ್‌ಎಸ್‌ಐ ಟೈಪ್ ವಿಧಾನದಲ್ಲಿ ಎಲಿಮೆಂಟ್ ಹೆಸರು 'ಟಿಪ್ಪಣಿ'ಯಾಗಿಯೇ ಇರುತ್ತದೆ, ಅದರ ಮೇಲೆ ಒಂದು ಆಟ್ರಿಬ್ಯೂಟ್ "ನಾನು ನಿಜವಾಗಿ ಎಚ್ಚರಿಕೆ ಟೈಪ್" ಅನ್ನುತ್ತದೆ. ಸಬ್‌ಸ್ಟಿಟ್ಯೂಷನ್ ಗ್ರೂಪ್‌ನಲ್ಲಿ ಹೆಸರೇ ಬದಲಾಗುತ್ತದೆ. 'ಟಿಪ್ಪಣಿ' ಗುಂಪಿನ ಮುಖ್ಯಸ್ಥ. 'ಎಚ್ಚರಿಕೆ' ಆ ಗುಂಪಿನ ಸದಸ್ಯ. ಸ್ಕೀಮಾದಲ್ಲಿ ಎಲ್ಲೆಲ್ಲಿ ಟಿಪ್ಪಣಿಯನ್ನು ಉಲ್ಲೇಖಿಸಿದೆಯೋ ಅಲ್ಲೆಲ್ಲ ಎಚ್ಚರಿಕೆ ಬರಬಹುದು.

ಮನುಷ್ಯರು ಬರೆಯುವ ಡಾಕ್ಯುಮೆಂಟ್‌ಗೆ ನಾನು ಯಾವತ್ತೂ ಸಬ್‌ಸ್ಟಿಟ್ಯೂಷನ್ ಗ್ರೂಪನ್ನೇ ಆರಿಸುತ್ತೇನೆ. ಬರೆಯುವವರ ಕಣ್ಣಿಗೆ ಬೀಳುವುದು ಎಲಿಮೆಂಟ್ ಹೆಸರು. ಎಡಿಟರ್ ಮೆನುವಿನಲ್ಲಿ ಕಾಣುವುದೂ ಅದೇ. ಎಕ್ಸ್‌ಎಸ್‌ಐ ಟೈಪ್‌ಗೆ ಇನ್ನೊಂದು ಕುತ್ತು ಇದೆ: ಟೈಪ್ ಹೆಸರಿನ ನೇಮ್‌ಸ್ಪೇಸ್ ಪ್ರಿಫಿಕ್ಸ್ (ಹೆಸರು ಯಾವ ಶಬ್ದಪಟ್ಟಿಗೆ ಸೇರಿದ್ದು ಅಂತ ಹೇಳುವ, ಹೆಸರಿನ ಮುಂದೆ ಬರುವ ಗುರುತು) ಆಟ್ರಿಬ್ಯೂಟ್‌ನ ಮೌಲ್ಯದ ಒಳಗಿರುತ್ತದೆ. ಯಾವುದೋ ಟೂಲ್ ಪ್ರಿಫಿಕ್ಸ್ ಬದಲಾಯಿಸಿದರೆ, ಮೌಲ್ಯದ ಒಳಗಿನದು ಹಾಗೇ ಉಳಿದು ಕೊಂಡಿ ಕಳಚುತ್ತದೆ. ಪ್ರೋಗ್ರಾಂನಿಂದ ಪ್ರೋಗ್ರಾಂಗೆ ಹೋಗುವ ಡೇಟಾ, ಎರಡೂ ಕಡೆ ಕ್ಲಾಸ್‌ಗಳಾಗಿ ಪರಿವರ್ತನೆ ಆಗುವಂಥದ್ದಾದರೆ ಎಕ್ಸ್‌ಎಸ್‌ಐ ಟೈಪ್ ಚೆನ್ನಾಗಿ ಹೊಂದುತ್ತದೆ.

ಸಬ್‌ಸ್ಟಿಟ್ಯೂಷನ್ ಗ್ರೂಪ್ ಎಷ್ಟು ದೊಡ್ಡ ಭಾರ ಹೊರಬಲ್ಲದು ಅಂತ ನೋಡಬೇಕಿದ್ದರೆ ಭೂಮಾಹಿತಿಯ ಜಿಎಂಎಲ್ ನೋಡಿ. ಅಲ್ಲಿ ಆಬ್‌ಸ್ಟ್ರಾಕ್ಟ್ ಫೀಚರ್ ಅನ್ನುವ ಮುಖ್ಯಸ್ಥ ಇದ್ದಾನೆ. ರಸ್ತೆ, ನದಿ, ಕಟ್ಟಡ ಅಂತ ಬೇರೆ ಬೇರೆ ಸಂಸ್ಥೆಗಳು ತಮ್ಮ ಎಲಿಮೆಂಟ್‌ಗಳನ್ನು ಅದರ ಕೆಳಗೆ ಸೇರಿಸುತ್ತವೆ. ಹಣಕಾಸು ವರದಿಯ ಎಕ್ಸ್‌ಬಿಆರ್‌ಎಲ್‌ನಲ್ಲೂ ಪ್ರತಿ ಲೆಕ್ಕದ ಬಾಬ್ತು 'ಐಟಂ' ಅನ್ನುವ ಮುಖ್ಯಸ್ಥನ ಗುಂಪಿಗೆ ಸೇರಿರುತ್ತದೆ.

ಆಬ್‌ಸ್ಟ್ರಾಕ್ಟ್, ಫೈನಲ್, ಬ್ಲಾಕ್: ಇವು ಯಾವಾಗ ಬೇಕು?

ಆಬ್‌ಸ್ಟ್ರಾಕ್ಟ್ ಅಂದರೆ ಮುಖ್ಯಸ್ಥನನ್ನು ನೇರವಾಗಿ ಡಾಕ್ಯುಮೆಂಟ್‌ನಲ್ಲಿ ಬಳಸುವ ಹಾಗಿಲ್ಲ. ಫೈನಲ್ ಅಂದರೆ ಇದರಿಂದ ಮುಂದೆ ಯಾರೂ ಹೊಸತನ್ನು ಪಡೆಯುವ ಹಾಗಿಲ್ಲ. ಬ್ಲಾಕ್ ಅಂದರೆ ಪಡೆಯಬಹುದು, ಆದರೆ ಡಾಕ್ಯುಮೆಂಟ್‌ನಲ್ಲಿ ಇದರ ಜಾಗಕ್ಕೆ ಅದನ್ನು ತರುವ ಹಾಗಿಲ್ಲ. ಫೈನಲ್‌ಗೂ ಬ್ಲಾಕ್‌ಗೂ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಮೊದಲನೆಯದು ಸ್ಕೀಮಾ ಬರೆಯುವವರಿಗೆ ಬೇಲಿ, ಎರಡನೆಯದು ಡಾಕ್ಯುಮೆಂಟ್ ಬರೆಯುವವರಿಗೆ.

ಏನೂ ಹೇಳದಿದ್ದರೆ ಎಲ್ಲ ಬಾಗಿಲೂ ತೆರೆದಿರುತ್ತದೆ ಅನ್ನುವುದು ತಲೆಯಲ್ಲಿರಲಿ. ಹಣ ಪಾವತಿಯಂಥ ಕಡೆ, ಹೊರಗಿನಿಂದ ಬಂದ ಡಾಕ್ಯುಮೆಂಟ್ ನೀವು ಎಣಿಸದ ಟೈಪನ್ನು ಹೊತ್ತು ತರದಂತೆ ಬ್ಲಾಕ್ ಹಾಕುವುದು ಒಳ್ಳೆಯದು.

ಎರಡು ಮೂಲಗಳಿಂದ ಒಟ್ಟಿಗೆ ಪಡೆಯಬಹುದೇ?

ಎಕ್ಸ್‌ಎಸ್‌ಡಿ ಟೈಪ್‌ಗೆ ಒಂದೇ ಮೂಲ. ಅದರ ಜತೆಗೆ ಆಟ್ರಿಬ್ಯೂಟ್ ಗ್ರೂಪ್, ಮಾಡೆಲ್ ಗ್ರೂಪ್ ಅನ್ನುವ ಹೆಸರಿಟ್ಟ ಕಟ್ಟುಗಳನ್ನು ಸೇರಿಸಿಕೊಳ್ಳಬಹುದು, ಪ್ರೋಗ್ರಾಮಿಂಗ್‌ನಲ್ಲಿ ಬೇರೆ ಕಡೆಯಿಂದ ತಂದು ಬೆರೆಸುವ ಮಿಕ್ಸಿನ್ ಹಾಗೆ. 1.1ರಲ್ಲಿ ಒಂದು ಎಲಿಮೆಂಟ್ ಒಂದಕ್ಕಿಂತ ಹೆಚ್ಚು ಸಬ್‌ಸ್ಟಿಟ್ಯೂಷನ್ ಗ್ರೂಪ್‌ಗಳಿಗೆ ಸೇರಬಹುದು. 1.0ರಲ್ಲಿ ಒಂದಕ್ಕೇ ಸೇರಬಹುದಿತ್ತು.

ಇದನ್ನು ಅತಿ ಚೆನ್ನಾಗಿ ಮಾಡಿದವರು ಟಿಇಐ ಜನ, ಅಂದರೆ ಹಳೆಯ ಗ್ರಂಥ, ಹಸ್ತಪ್ರತಿ, ಕಾವ್ಯಗಳಿಗೆ ಮಾರ್ಕಪ್ ರೂಪಿಸಿದ ವಿದ್ವಾಂಸರು. ಅವರ 2007ರ ಪಿ5 ಆವೃತ್ತಿಯಲ್ಲಿ ಎರಡು ಬಗೆಯ ಕ್ಲಾಸ್‌ಗಳಿವೆ. ಆಟ್ರಿಬ್ಯೂಟ್ ಕ್ಲಾಸ್ ತನ್ನ ಸದಸ್ಯರಿಗೆ ಆಟ್ರಿಬ್ಯೂಟ್‌ಗಳನ್ನು ಕೊಡುತ್ತದೆ. ಮಾಡೆಲ್ ಕ್ಲಾಸ್ ಸದಸ್ಯರಿಗೆ ಏನನ್ನೂ ಕೊಡುವುದಿಲ್ಲ. ಅವರು ಎಲ್ಲೆಲ್ಲಿ ಬರಬಹುದು ಅಂತ ಮಾತ್ರ ಹೇಳುತ್ತದೆ: "ಪ್ಯಾರಾ ಬರಬಹುದಾದ ಕಡೆ ಇವೂ ಬರಬಹುದು". ಒಂದು ಎಲಿಮೆಂಟ್ ಎಷ್ಟು ಕ್ಲಾಸ್‌ಗಳಿಗಾದರೂ ಸೇರಬಹುದು.

ಇಲ್ಲಿನ ಒಳನೋಟ ನನಗೆ ತುಂಬಾ ಇಷ್ಟ. 'ಏನನ್ನು ಹೊಂದಿದೆ' ಮತ್ತು 'ಎಲ್ಲಿ ಬರಬಹುದು' ಎರಡು ಬೇರೆ ಪ್ರಶ್ನೆಗಳು. ಪ್ರೋಗ್ರಾಮಿಂಗ್‌ನ ಕ್ಲಾಸ್ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟುತ್ತದೆ. ಡಾಕ್ಯುಮೆಂಟ್‌ನಲ್ಲಿ ಬಿಡಿಸಿ ನೋಡಿದರೆ ಎಷ್ಟೋ ತೊಡಕು ತಾನಾಗಿ ಸಡಿಲವಾಗುತ್ತದೆ. ಕವಿತೆಯ ಸಾಲಿಗೂ ಪ್ಯಾರಾಗೂ ಒಳಗಿನ ರಚನೆಯಲ್ಲಿ ಹೋಲಿಕೆ ಇರಬೇಕಾಗಿಲ್ಲ, ಬರುವ ಜಾಗ ಒಂದೇ ಆಗಿರಬಹುದು.

ಕ್ಲಾಸ್‌ಗೆ ಮೆಥಡ್ ಇರುತ್ತದಲ್ಲ, ಎಲಿಮೆಂಟ್‌ಗೆ?

ಸ್ಕೀಮಾದಲ್ಲಿ ಇರುವುದಿಲ್ಲ, ಇರಲೂ ಬಾರದು. ಒಂದೇ ಡಾಕ್ಯುಮೆಂಟನ್ನು ಒಬ್ಬರು ಅಚ್ಚುಮಾಡುತ್ತಾರೆ, ಇನ್ನೊಬ್ಬರು ಧ್ವನಿಯಾಗಿಸುತ್ತಾರೆ, ಮತ್ತೊಬ್ಬರು ಹುಡುಕಾಟಕ್ಕೆ ಸೂಚಿ ಮಾಡುತ್ತಾರೆ. ನಡವಳಿಕೆಯನ್ನು ಡಾಕ್ಯುಮೆಂಟ್‌ನಿಂದ ಹೊರಗೆ ಇಟ್ಟದ್ದೇ ಮಾರ್ಕಪ್‌ನ ದೊಡ್ಡ ಸಾಧನೆ.

ಆದರೆ ಮೆಥಡ್‌ನ ಕೆಲಸ ಎಕ್ಸ್‌ಎಸ್‌ಎಲ್‌ಟಿಯಲ್ಲಿ, ಅಂದರೆ ಎಕ್ಸ್‌ಎಂಎಲ್ ಡಾಕ್ಯುಮೆಂಟನ್ನು ಬೇರೆ ರೂಪಕ್ಕೆ ತರುವ ಭಾಷೆಯಲ್ಲಿ, ಆಗುತ್ತದೆ. ಟೆಂಪ್ಲೇಟ್ ಅಂದರೆ ಒಂದು ಬಗೆಯ ಮೆಥಡ್. ಅಪ್ಲೈ ಇಂಪೋರ್ಟ್ಸ್ ಅನ್ನುವ ಆಜ್ಞೆ "ನನ್ನ ಕೆಲಸ ಆಯಿತು, ಈಗ ಮೂಲದ್ದನ್ನೂ ಮಾಡು" ಅನ್ನುತ್ತದೆ, ಜಾವಾದ ಸೂಪರ್ ಇದ್ದ ಹಾಗೆ. 2007ರ ಎಕ್ಸ್‌ಎಸ್‌ಎಲ್‌ಟಿ 2.0ರಲ್ಲಿ "ಟಿಪ್ಪಣಿ ಮತ್ತು ಅದರ ಸಬ್‌ಸ್ಟಿಟ್ಯೂಷನ್ ಗ್ರೂಪ್‌ನ ಎಲ್ಲ ಸದಸ್ಯರು" ಅಂತ ಒಂದೇ ಸಾಲಿನಲ್ಲಿ ಹೇಳಬಹುದು. ಇದಕ್ಕೆ ಸ್ಕೀಮಾ ಓದಬಲ್ಲ ಪ್ರೊಸೆಸರ್ ಬೇಕು, ಎಲ್ಲದರಲ್ಲೂ ಆ ಸೌಲಭ್ಯ ಇರುವುದಿಲ್ಲ. ಇದೊಂದು ಮಾತನ್ನು ಮೊದಲೇ ವಿಚಾರಿಸಿಕೊಳ್ಳಿ.

ಒಳಗಿನದನ್ನು ಮುಚ್ಚಿಡುವ ಎನ್‌ಕ್ಯಾಪ್ಸುಲೇಷನ್?

ಇಲ್ಲ. ಡಾಕ್ಯುಮೆಂಟ್ ಓದಲಿಕ್ಕೇ ಇರುವುದು.

ಸ್ಕೀಮಾ ಇಲ್ಲದೆಯೇ ಹಳೆಯ ಪ್ರೋಗ್ರಾಂ ಹೊಸ ಎಲಿಮೆಂಟನ್ನು ಗುರುತಿಸುವ ದಾರಿ ಇದೆಯೇ?

ಇದೆ. ತಾಂತ್ರಿಕ ಕೈಪಿಡಿಗಳಿಗೆ ಬಳಸುವ ಡಿಟಾ ಅನ್ನುವ ಎಕ್ಸ್‌ಎಂಎಲ್ ಮಾದರಿ ಅದನ್ನು ಮಾಡಿ ತೋರಿಸಿದೆ. ಐಬಿಎಂನಲ್ಲಿ ಹುಟ್ಟಿ, 2005ರಲ್ಲಿ ಓಯಾಸಿಸ್ ಅನ್ನುವ ಸಂಸ್ಥೆಯ ಮಾನದಂಡವಾದ ಡಿಟಾ ತಾಂತ್ರಿಕ ಬರವಣಿಗೆಯವರಿಗೆ ಚೆನ್ನಾಗಿ ಗೊತ್ತು.

ಅದರ ಉಪಾಯ ಇಷ್ಟೇ. ಪ್ರತಿ ಎಲಿಮೆಂಟ್ ತನ್ನ ವಂಶಾವಳಿಯನ್ನು 'ಕ್ಲಾಸ್' ಅನ್ನುವ ಆಟ್ರಿಬ್ಯೂಟ್‌ನಲ್ಲಿ ಹೊತ್ತುಕೊಂಡಿರುತ್ತದೆ. ಕೆಲಸದ ಹಂತಗಳನ್ನು ಹೇಳುವ 'ಸ್ಟೆಪ್ಸ್' ಎಲಿಮೆಂಟ್‌ನಲ್ಲಿ "ಟಾಪಿಕ್/ಓಎಲ್ ಟಾಸ್ಕ್/ಸ್ಟೆಪ್ಸ್" ಅಂತ ಬರೆದಿರುತ್ತದೆ. ಅಂದರೆ "ನಾನು ಸ್ಟೆಪ್ಸ್, ನನ್ನ ಮೂಲ ಅಂಕಿ ಹಾಕಿದ ಪಟ್ಟಿ". ಸ್ಟೆಪ್ಸ್ ಅನ್ನುವ ಹೆಸರನ್ನೇ ಕೇಳಿರದ ಸ್ಟೈಲ್‌ಶೀಟ್ (ಅಚ್ಚಿನ ರೂಪವನ್ನು ನಿರ್ಧರಿಸುವ ಫೈಲ್) ಆ ಆಟ್ರಿಬ್ಯೂಟ್‌ನಲ್ಲಿ ಓಎಲ್ ಇದೆಯೇ ಅಂತ ಮಾತ್ರ ನೋಡುತ್ತದೆ. ಇದ್ದರೆ ಅಂಕಿ ಹಾಕಿದ ಪಟ್ಟಿಯಾಗಿ ಅಚ್ಚುಮಾಡುತ್ತದೆ. ಬರೆಯುವವರು ಈ ಆಟ್ರಿಬ್ಯೂಟನ್ನು ಕೈಯಿಂದ ಹಾಕಬೇಕಿಲ್ಲ, ಡಿಟಿಡಿ ಅಥವಾ ಸ್ಕೀಮಾದ ಡಿಫಾಲ್ಟ್ ಮೌಲ್ಯವಾಗಿ ಬಂದು ಸೇರುತ್ತದೆ.

ಇದರ ಜತೆಗೊಂದು ಕಟ್ಟುನಿಟ್ಟಿನ ಷರತ್ತಿದೆ. ಹೊಸ ಎಲಿಮೆಂಟ್‌ನ ಒಳರಚನೆ ಮೂಲ ಒಪ್ಪುವುದರೊಳಗೇ ಇರಬೇಕು. ಸೇರಿಸುವ ಹಾಗಿಲ್ಲ, ಕಿರಿದಾಗಿಸಬಹುದು. ಹಾಗಾಗಿ ಸ್ಟೆಪ್ಸ್ ಅನ್ನು ಯಾವಾಗ ಬೇಕಾದರೂ ಓಎಲ್ ಆಗಿ ಮರಳಿ ಬರೆಯಬಹುದು. ಇದಕ್ಕೆ ಜನರಲೈಸೇಷನ್ ಅನ್ನುತ್ತಾರೆ. ಮೇಲೆ ಹೇಳಿದ ರಿಸ್ಟ್ರಿಕ್ಷನ್‌ನ ಭರವಸೆ ಮತ್ತು ಆರ್ಕಿಟೆಕ್ಚರಲ್ ಫಾರ್ಮ್‌ನ ಆಟ್ರಿಬ್ಯೂಟ್, ಎರಡೂ ಇಲ್ಲಿ ಒಂದುಗೂಡಿವೆ.

ನಮ್ಮ 'ಎಚ್ಚರಿಕೆ'ಗೆ ಇದನ್ನು ಹಾಕಿ ನೋಡಿ. 'ಮಟ್ಟ' ಅನ್ನುವುದು ತಲೆಬರಹ ಮತ್ತು ಪ್ಯಾರಾಗಳ ನಡುವೆ ಬರಬೇಕಿತ್ತಲ್ಲ? ಅದನ್ನು ಒಂದು ವಿಶೇಷ ಬಗೆಯ ಪ್ಯಾರಾ ಅಂತ ಘೋಷಿಸಿದರೆ ಆಯಿತು. ತಲೆಬರಹ, ಆಮೇಲೆ ಮಟ್ಟ ಅನ್ನುವ ಪ್ಯಾರಾ, ಆಮೇಲೆ ಸಾಮಾನ್ಯ ಪ್ಯಾರಾಗಳು. ಮೂಲದ ನಿಯಮ ಮುರಿಯಲಿಲ್ಲ. ಹಳೆಯ ಪ್ರೋಗ್ರಾಂ "ಜೀವಾಪಾಯ" ಅನ್ನುವುದನ್ನು ಒಂದು ಪ್ಯಾರಾ ಆಗಿ, ಸರಿಯಾದ ಜಾಗದಲ್ಲಿ ಅಚ್ಚುಮಾಡುತ್ತದೆ. ಕೆಂಪು ಬಣ್ಣ ಬರದೇ ಇರಬಹುದು, ಆದರೆ ಓದುವವರಿಗೆ ಮಾತು ತಲುಪುತ್ತದೆ. ಯಂತ್ರದ ಮುಂದೆ ನಿಂತವರಿಗೆ ಅದೇ ಮುಖ್ಯ.

ಇದಕ್ಕೆ ತೆರಬೇಕಾದ ಬೆಲೆ ಮೂಲ ಟೈಪ್‌ಗಳದ್ದು. ಅವು ತುಂಬಾ ಸಡಿಲವಾಗಿರಬೇಕಾಗುತ್ತದೆ. ಬಿಗಿಯಾದ ಮೂಲದಿಂದ ಮಕ್ಕಳು ಹುಟ್ಟಲು ಜಾಗವೇ ಇರುವುದಿಲ್ಲ.

ರಿಲ್ಯಾಕ್ಸ್ ಎನ್‌ಜಿಯಲ್ಲಿ ಇನ್ಹೆರಿಟೆನ್ಸ್ ಇಲ್ಲವಂತೆ. ಅದು ಕೊರತೆಯಲ್ಲವೇ?

ರಿಲ್ಯಾಕ್ಸ್ ಎನ್‌ಜಿ ಅಂದರೆ ಎಕ್ಸ್‌ಎಸ್‌ಡಿಯ ಹಾಗೆ ಇನ್ನೊಂದು ಸ್ಕೀಮಾ ಭಾಷೆ. ಅದರಲ್ಲಿ ಇನ್ಹೆರಿಟೆನ್ಸನ್ನು ಬೇಕಂತಲೇ ಬಿಟ್ಟದ್ದು. ಜೇಮ್ಸ್ ಕ್ಲಾರ್ಕ್ ಮತ್ತು ಮುರಾತಾ ಮಕೊತೊ 2001ರಲ್ಲಿ ತಮ್ಮ ಎರಡು ಭಾಷೆಗಳನ್ನು ಬೆಸೆದು ಇದನ್ನು ರೂಪಿಸಿದರು. ಇಲ್ಲಿ ಎಲ್ಲವೂ ಪ್ಯಾಟರ್ನ್. ಪ್ಯಾಟರ್ನ್‌ಗೆ ಹೆಸರಿಡಬಹುದು, ಇನ್ನೊಂದು ಫೈಲ್‌ನಿಂದ ತರಬಹುದು, ತರುವಾಗ ಬದಲಾಯಿಸಬಹುದು, ಅದೇ ಹೆಸರಿಗೆ ಇನ್ನೊಂದು ಆಯ್ಕೆಯನ್ನು ಸೇರಿಸಬಹುದು. ಎಲಿಮೆಂಟನ್ನು ಕೊನೆಯಲ್ಲಷ್ಟೇ ಸೇರಿಸಬೇಕು ಅನ್ನುವ ಬಂಧನವಿಲ್ಲ. ಯೂನಿಕ್ ಪಾರ್ಟಿಕಲ್ ಕಾಟವೂ ಇಲ್ಲ.

ಒಂದು ಉಪಯುಕ್ತ ಅಭ್ಯಾಸ ಹೇಳುತ್ತೇನೆ. ಮೂಲ ಸ್ಕೀಮಾದಲ್ಲಿ 'ಟಿಪ್ಪಣಿಯ ಹೆಚ್ಚುವರಿ' ಅನ್ನುವ ಪ್ಯಾಟರ್ನ್ ಘೋಷಿಸಿ, ಅದಕ್ಕೆ ನಾಟ್ ಅಲೌಡ್ ಅಂತ ಮೌಲ್ಯ ಕೊಡಿ. ಅದನ್ನು ತಲೆಬರಹದ ನಂತರ, ಇದ್ದರೂ ಸರಿ ಇಲ್ಲದಿದ್ದರೂ ಸರಿ ಅಂತ ಸೇರಿಸಿ. ಸದ್ಯಕ್ಕೆ ಅಲ್ಲಿ ಏನೂ ಬರುವ ಹಾಗಿಲ್ಲ. ಮುಂದೆ ಯಾರೋ ಅದೇ ಹೆಸರಿಗೆ 'ಮಟ್ಟ'ವನ್ನು ಆಯ್ಕೆಯಾಗಿ ಸೇರಿಸಿದರೆ ಬಾಗಿಲು ತೆರೆಯುತ್ತದೆ. ಮೂಲ ಫೈಲನ್ನು ಮುಟ್ಟಬೇಕಿಲ್ಲ.

ಇಲ್ಲದ್ದು ಏನೆಂದರೆ, 'ಎಚ್ಚರಿಕೆ ಒಂದು ಟಿಪ್ಪಣಿ' ಅನ್ನುವ ಮಾಹಿತಿ ಮುಂದಿನ ಪ್ರೋಗ್ರಾಂಗೆ ತಲುಪುವುದಿಲ್ಲ. ರಿಲ್ಯಾಕ್ಸ್ ಎನ್‌ಜಿ ಸರಿಯೋ ತಪ್ಪೋ ಹೇಳಿ ಸುಮ್ಮನಾಗುತ್ತದೆ, ಡಾಕ್ಯುಮೆಂಟ್‌ಗೆ ಟೈಪಿನ ಚೀಟಿ ಅಂಟಿಸುವುದಿಲ್ಲ. ಆ ಚೀಟಿ ಬೇಕಿದ್ದರೆ ಡಿಟಾದ ಹಾಗೆ ಆಟ್ರಿಬ್ಯೂಟ್ ಇಡಿ. ತಾಂತ್ರಿಕ ಪುಸ್ತಕಗಳಿಗೆ ಬಳಸುವ ಡಾಕ್‌ಬುಕ್ ತನ್ನ 5.0 ಆವೃತ್ತಿಗೆ ರಿಲ್ಯಾಕ್ಸ್ ಎನ್‌ಜಿಯನ್ನೇ ಆರಿಸಿಕೊಂಡಿತು. ಡಾಕ್ಯುಮೆಂಟ್‌ಗಳಿಗೆ ಅದು ಎಷ್ಟು ಹೊಂದುತ್ತದೆ ಅನ್ನುವುದಕ್ಕೆ ಅಷ್ಟು ಸಾಕು.

ಓವರ್‌ರೈಡ್ ಮಾಡಲು ರೀಡಿಫೈನ್ ಬಳಸಬಹುದೇ?

ಬೇಡ. ಎಕ್ಸ್‌ಎಸ್‌ಡಿಯಲ್ಲಿ ರೀಡಿಫೈನ್ (ಬೇರೆ ಫೈಲ್‌ನ ಟೈಪನ್ನು ಅದೇ ಹೆಸರಿನಲ್ಲಿ ಬದಲಾಯಿಸುವುದು) ಮಾಡಿದರೆ ಆ ಟೈಪ್ ನಿಮ್ಮ ಫೈಲ್‌ನಲ್ಲಿ ಮಾತ್ರ ಬದಲಾಗುವುದಿಲ್ಲ, ಅದನ್ನು ಬಳಸುವ ಎಲ್ಲ ಕಡೆಯೂ ಬದಲಾಗುತ್ತದೆ. ಇಬ್ಬರು ಒಂದೇ ಟೈಪನ್ನು ಬೇರೆ ಬೇರೆ ರೀತಿ ರೀಡಿಫೈನ್ ಮಾಡಿದರೆ ಯಾರದ್ದು ನಿಲ್ಲುತ್ತದೆ ಅಂತ ಹೇಳುವುದು ಕಷ್ಟ. 1.1ರಲ್ಲಿ ಅದನ್ನು ಬಳಸಬೇಡಿ ಅಂತಲೇ ಹೇಳಿ, ಓವರ್‌ರೈಡ್ ಅನ್ನುವ ಬೇರೆ ಸೌಲಭ್ಯ ಕೊಟ್ಟಿದ್ದಾರೆ.

ಜೇಸನ್ ಸ್ಕೀಮಾದ ಆಲ್‌ಆಫ್ ಇನ್ಹೆರಿಟೆನ್ಸ್ ಅಲ್ಲವೇ?

ಅಲ್ಲ. ಜೇಸನ್ ಸ್ಕೀಮಾ ಅಂದರೆ ಜೇಸನ್ ಅನ್ನುವ ಡೇಟಾ ರೂಪಕ್ಕೆ ನಿಯಮ ಬರೆಯುವ ಭಾಷೆ. ಅದರಲ್ಲಿ ಆಲ್‌ಆಫ್ ಅಂದರೆ "ಈ ಷರತ್ತುಗಳೆಲ್ಲ ಒಟ್ಟಿಗೆ ನಿಜವಾಗಿರಲಿ", ಅಷ್ಟೇ. ಮೂಲದಲ್ಲಿ ಹೆಚ್ಚುವರಿ ಪ್ರಾಪರ್ಟಿಗಳಿಗೆ ಅಡಿಷನಲ್ ಪ್ರಾಪರ್ಟೀಸ್ ಮೂಲಕ ಬಾಗಿಲು ಹಾಕಿದ್ದರೆ, ಆಲ್‌ಆಫ್‌ನಲ್ಲಿ ಸೇರಿಸಿದ ಹೊಸ ಪ್ರಾಪರ್ಟಿಯನ್ನು ಮೂಲದ ಷರತ್ತು ತಳ್ಳಿಹಾಕುತ್ತದೆ. ಎಷ್ಟೋ ಜನ ಇಲ್ಲಿ ಅರ್ಧ ದಿನ ಕಳೆಯುತ್ತಾರೆ. 2019-09 ಆವೃತ್ತಿಯಿಂದ ಅನ್‌ಇವ್ಯಾಲ್ಯುಯೇಟೆಡ್ ಪ್ರಾಪರ್ಟೀಸ್ ಬಂದಿದೆ. ಬಾಗಿಲನ್ನು ಮೂಲದಲ್ಲಿ ಹಾಕದೆ, ಅದನ್ನು ಬಳಸಿ ಹೊರಗಿನ ಸ್ಕೀಮಾದಲ್ಲಿ ಹಾಕಿ.

ವಂಶವೃಕ್ಷ ಎಷ್ಟು ಆಳ ಇರಬಹುದು?

ಎರಡು ಹಂತ ಸಾಮಾನ್ಯವಾಗಿ ಸಾಕು. ಮೂರನೆಯದಕ್ಕೆ ಒಳ್ಳೆಯ ಕಾರಣ ಬೇಕು. ನಾನು ಕೆಲಸ ಮಾಡಿದ ಒಂದು ಯೋಜನೆಯಲ್ಲಿ ಆರು ಹಂತದ ಟೈಪ್‌ಗಳಿದ್ದವು. ಕೊನೆಯ ಹಂತದ ಎಲಿಮೆಂಟ್‌ನಲ್ಲಿ ಏನೇನು ಬರಬಹುದು ಅಂತ ತಿಳಿಯಲು ನಾಲ್ಕು ಫೈಲ್ ತೆರೆಯಬೇಕಿತ್ತು. ಬರಹಗಾರರು ಎಡಿಟರ್ ಕೊಟ್ಟ ಪಟ್ಟಿಯಿಂದ ಯಾವುದೋ ಒಂದನ್ನು ಆರಿಸುತ್ತಿದ್ದರು. ಅವರದ್ದು ತಪ್ಪಲ್ಲ. ಆರು ಹಂತಗಳ ನಡುವಿನ ವ್ಯತ್ಯಾಸ ಸ್ಕೀಮಾ ಬರೆದವರಿಗೆ ಬಿಟ್ಟರೆ ಯಾರಿಗೂ ಅರ್ಥ ಕೊಡುತ್ತಿರಲಿಲ್ಲ. ನಡುವಿನ ಹಂತಗಳನ್ನು ತೆಗೆದು ಆಟ್ರಿಬ್ಯೂಟ್ ಗ್ರೂಪ್‌ಗಳಾಗಿ ಮಾಡಿದ ಮೇಲೆ ಬರವಣಿಗೆ ಸಲೀಸಾಯಿತು.

ಹೊಸ ಟೈಪ್ ಹುಟ್ಟಿಸುವ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದನ್ನು ಮೂಲದ ಟೈಪಾಗಿ ನೋಡಿ ಕೆಲಸ ಮಾಡುವ ಪ್ರೋಗ್ರಾಂ ಯಾವುದು? ಹೆಸರಿಟ್ಟು ಹೇಳಲು ಆಗದಿದ್ದರೆ ಸುಮ್ನೆ ಇನ್ಹೆರಿಟೆನ್ಸ್ ಯಾಕೆ?

ಮೂಲ ಟೈಪನ್ನೇ ಬದಲಾಯಿಸಬೇಕಾಗಿ ಬಂದರೆ?

ಬರುತ್ತದೆ. ಮೂಲಕ್ಕೆ ಐಚ್ಛಿಕವಾಗಿ ಏನಾದರೂ ಸೇರಿಸಿದರೆ ಹಳೆಯ ಡಾಕ್ಯುಮೆಂಟ್‌ಗಳು ಸರಿಯಾಗಿಯೇ ಇರುತ್ತವೆ. ಆದರೆ ಅದರಿಂದ ಹುಟ್ಟಿದ ಟೈಪ್‌ಗಳು ಕೆಡಬಹುದು. ಎಕ್ಸ್‌ಟೆನ್ಷನ್ ಮಾಡಿದವರು ಅದೇ ಹೆಸರಿನ ಎಲಿಮೆಂಟನ್ನು ಮೊದಲೇ ಸೇರಿಸಿಕೊಂಡಿದ್ದರೆ ಈಗ ಗೊಂದಲ. ಕಡ್ಡಾಯವಾದದ್ದನ್ನು ಸೇರಿಸಿದರೆ ರಿಸ್ಟ್ರಿಕ್ಷನ್ ಮಾಡಿದವರೆಲ್ಲರ ಸ್ಕೀಮಾ ಮುರಿಯುತ್ತದೆ.

ಹಾಗಾಗಿ ಬದಲಾಯಿಸುವ ಮುಂಚೆ ಎರಡು ರಾಶಿ ಇಟ್ಟುಕೊಳ್ಳಿ. ಒಂದರಲ್ಲಿ ನಿಮಗೆ ಗೊತ್ತಿರುವ, ಮೂಲದಿಂದ ಹುಟ್ಟಿದ ಎಲ್ಲ ಸ್ಕೀಮಾಗಳು. ಇನ್ನೊಂದರಲ್ಲಿ ನಿಜವಾದ ಡಾಕ್ಯುಮೆಂಟ್‌ಗಳು, ಹಳೆಯವೂ ಹೊಸವೂ. ಪ್ರತಿ ಬದಲಾವಣೆಯ ನಂತರ ಎರಡನ್ನೂ ವ್ಯಾಲಿಡೇಟರ್‌ಗೆ ಹಾಕಿ. ಆಮೇಲೆ ಹೊಸ ಡಾಕ್ಯುಮೆಂಟ್‌ಗಳನ್ನು ಹಳೆಯ ಸ್ಟೈಲ್‌ಶೀಟ್‌ನಲ್ಲಿ ಓಡಿಸಿ, ಬಂದ ಪುಟವನ್ನು ಕಣ್ಣಿಂದ ನೋಡಿ. ಎಚ್ಚರಿಕೆಯ ಮಾತು ಪುಟದಲ್ಲಿ ಇದೆಯೇ, ಮಾಯವಾಗಿದೆಯೇ ಅನ್ನುವುದು ವ್ಯಾಲಿಡೇಟರ್‌ಗೆ ಗೊತ್ತಾಗುವುದಿಲ್ಲ.